ಬಾಯಿ ಮುಚ್ಚಿ, ಕಾಲೆತ್ತಿ ಎಂದ ನಿರ್ದೇಶಕರಿಗೆ

ಹಿರಿಯರ ವಸತಿಗೃಹಗಳ ಮೇಲ್ವಿಚಾರಣೆ ಹೊತ್ತ ನಿರ್ದೇಶಕರಿಗೆ,

ಮಾನ್ಯರೇ ಎಂದು ಬರೆದು ಒಂದು ಸಲ ಹೊಡೆದುಹಾಕಿದೆ. ಆಮೇಲೆ, ಕಾಗದಕ್ಕಾದರೂ ಒಂದು ಮರ್ಯಾದೆ ಇರಲಿ ಎಂದು ಮತ್ತೆ ಬರೆದಿದ್ದೇನೆ. ಮಾನ್ಯರೇ, ತಮ್ಮ ಎರಡು ಸುತ್ತೋಲೆಗಳ ದೆಸೆಯಿಂದ ಎಂಬತ್ನಾಲ್ಕು ವರ್ಷದ ಒಬ್ಬ ಹೆಂಗಸು ಕುರ್ಚಿಯಿಂದ ತಾನೇ ಏಳುವ ಶಕ್ತಿಯನ್ನು ದಿನದಿನಕ್ಕೆ ಕಳೆದುಕೊಳ್ಳುತ್ತಿದ್ದಾರೆ. ಬರುವ ತಿಂಗಳ ಮೊದಲ ಸೋಮವಾರ ತಮ್ಮ ಇಲಾಖೆಯವರು ಬಂದು ಅವರನ್ನು ಪರೀಕ್ಷೆ ಮಾಡಲಿದ್ದಾರೆ. ಅಂದು ಯಾರ ಕೈಯನ್ನೂ ಹಿಡಿಯದೆ, ಎಲ್ಲೂ ಕೈ ಊರದೆ, ಮೊದಲ ಪ್ರಯತ್ನದಲ್ಲೇ ಎದ್ದು ನಿಂತರೆ ಅವರು ಈಗಿರುವ ಆರನೇ ನಂಬರಿನ ಕೋಣೆಯಲ್ಲೇ ಇರಬಹುದು. ಏಳಲಾಗದಿದ್ದರೆ ಹಿಂದಿನ ಕಟ್ಟಡಕ್ಕೆ ಸಾಗಿಸುತ್ತಾರೆ. ಹಿಂದಿನ ಕಟ್ಟಡ ಎಂದರೇನೆಂದು ತಮಗೆ ಗೊತ್ತಿರಲಿಕ್ಕಿಲ್ಲ. ತಪಾಸಣೆಗೆ ಬಂದ ತಮ್ಮವರು ಯಾರೂ ಅಲ್ಲಿಯವರೆಗೆ ನಡೆದದ್ದನ್ನು ನಾನು ಕಂಡಿಲ್ಲ. ಅಲ್ಲಿ ಮನುಷ್ಯರನ್ನು ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಪ್ರಕಾರ ಎಬ್ಬಿಸುತ್ತಾರೆ, ವೇಳಾಪಟ್ಟಿಯ ಪ್ರಕಾರ ಬಚ್ಚಲಿಗೆ ಕರೆದೊಯ್ಯುತ್ತಾರೆ. ನಡುವೆ ಅವಸರವಾದವರು ಗಡಿಯಾರ ನೋಡುತ್ತಾ ಕೂರಬೇಕು.

ನಾನು ಯಾರೆಂದು ತಮಗೆ ನೆನಪಿರುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಮೂವತ್ತೊಂದು ಮಂದಿ ಹಿರಿಯರಿರುವ ಒಂದು ವಸತಿಗೃಹದಲ್ಲಿ ಹನ್ನೊಂದು ವರ್ಷದಿಂದ ಬೆಳಿಗ್ಗೆ ಹತ್ತೂವರೆಗೆ ವ್ಯಾಯಾಮ ಮಾಡಿಸುವವಳು ನಾನು. ವ್ಯಾಯಾಮ ಎಂದ ಕೂಡಲೇ ತಮ್ಮ ಕಣ್ಣ ಮುಂದೆ ಬಿಳಿ ಬನಿಯನ್ ತೊಟ್ಟು ಸಾಲಾಗಿ ನಿಂತ ಒಂದು ಪಡೆ ಬರುತ್ತದೆಂದು ತಮ್ಮ ಸುತ್ತೋಲೆ ಓದಿದಾಗಲೇ ತಿಳಿಯಿತು. ನಮ್ಮಲ್ಲಿ ಹಾಗಲ್ಲ ಸ್ವಾಮಿ. ನಮ್ಮವರಲ್ಲಿ ಕೆಲವರಿಗೆ ತುಂಬಿದ ನೀರಿನ ಲೋಟ ಎತ್ತುವುದೇ ಒಂದು ಕಸರತ್ತು. ಎಲ್ಲವೂ ಕುರ್ಚಿಯ ಮೇಲೆ ನಡೆಯುತ್ತದೆ, ಇಲ್ಲವೇ ಕುರ್ಚಿ ಹಿಡಿದುಕೊಂಡು. ಕೈಯಿರುವ, ಚಕ್ರವಿಲ್ಲದ ಕುರ್ಚಿ. ಬೆನ್ನನ್ನು ಗೋಡೆಗೆ ತಾಗಿಸಿ ಇಟ್ಟದ್ದು. ನೆಲ ಒದ್ದೆಯಾಗಿದೆಯೇ ಎಂದು ಮೊದಲು ನಾನೇ ಬರಿಗಾಲಲ್ಲಿ ನಡೆದು ನೋಡುತ್ತೇನೆ. ಯಾರ ಚಪ್ಪಲಿ ಸಡಿಲ, ಯಾರು ಕನ್ನಡಕ ಮರೆತು ಬಂದಿದ್ದಾರೆ, ಯಾರ ಬಟ್ಟೆಯ ಅಂಚು ಕಾಲಿಗೆ ತೊಡರುತ್ತದೆ, ಎಲ್ಲ ನೋಡಿದ ಮೇಲೆಯೇ ಶುರು. "ಮುಂದಕ್ಕೆ ಜರುಗಿ, ಪಾದ ಹಿಂದಕ್ಕೆ, ಮೂಗು ಕಾಲ್ಬೆರಳಿನ ನೇರಕ್ಕೆ, ಈಗ ಏಳಿ" ಎಂಬ ಒಂದೇ ಮಾತನ್ನು ಹನ್ನೊಂದು ವರ್ಷ ಹೇಳಿದ್ದೇನೆ. ಹಾಗಾಗಿ ಎಲ್ಲರೂ ನನ್ನನ್ನು ಕುರ್ಚಿ ಟೀಚರ್ ಎಂದು ಕರೆಯುತ್ತಾರೆ. ಕುರ್ಚಿಯಿಂದ ಜನರನ್ನು ಎಬ್ಬಿಸುವುದು ನನ್ನ ಕಸುಬು. ತಾವು ಅದಕ್ಕೆ ಪೂರ್ತಿ ತದ್ವಿರುದ್ಧವಾದ ಕಸುಬಿನಲ್ಲಿದ್ದೀರಿ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ತಮ್ಮ ಮೊದಲ ಸುತ್ತೋಲೆಯ ಸಾಲು ನನಗೆ ಬಾಯಿಪಾಠವಾಗಿದೆ: "ವ್ಯಾಯಾಮದ ಅವಧಿಯಲ್ಲಿ ನಿವಾಸಿಗಳು ಸಂಪೂರ್ಣ ಮೌನ ಪಾಲಿಸತಕ್ಕದ್ದು; ಬೋಧಕರು ಅನಗತ್ಯ ಸಂಭಾಷಣೆಗೆ ಆಸ್ಪದ ನೀಡತಕ್ಕದ್ದಲ್ಲ." ಎಂತಹ ಭಾಷೆ! ಓದಿದರೆ ಸಾಕು, ಎದ್ದು ನಿಲ್ಲಬೇಕೆನಿಸುತ್ತದೆ. ದುರದೃಷ್ಟಕ್ಕೆ, ಈ ಮೌನದ ಪ್ರಯೋಗವನ್ನು ತಮಗಿಂತ ಮೊದಲೇ ಮಾಡಿ ಕೈ ಸುಟ್ಟುಕೊಂಡವಳು ನಾನು. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಕೊರಳಿಗೆ ಒಂದು ಸೀಟಿ ಕಟ್ಟಿಕೊಂಡು ಹೋಗಿದ್ದೆ. ಒಂದು, ಎರಡು, ಮೂರು ಎಂದು ನಾನು ಎಣಿಸುವುದು, ಉಳಿದವರು ತುಟಿ ಹೊಲಿದುಕೊಂಡು ಕೈಕಾಲು ಆಡಿಸುವುದು. ನೋಡಲು ಬಲು ಚೆಂದ ಇತ್ತು, ತಾವು ಕಂಡಿದ್ದರೆ ಮೆಡಲ್ ಕೊಡುತ್ತಿದ್ದಿರಿ. ಮೂರನೇ ದಿನ ಎರಡನೇ ಕುರ್ಚಿಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜ ಕಾಲೆತ್ತಿದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಮುಖ ಬೂದಿಯಾಗಿತ್ತು. ಎಣಿಸಿದಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿದಿದ್ದರು. ನನಗೆ ಕಾಣಿಸಿದ್ದು ಅವರ ಕಾಲು ಮಾತ್ರ. ಅವರು ಚೇತರಿಸಿಕೊಂಡರು, ನಾನು ಚೇತರಿಸಿಕೊಳ್ಳಲು ತಿಂಗಳು ಹಿಡಿಯಿತು.

ಆಗ ವಾರಕ್ಕೊಮ್ಮೆ ಬರುತ್ತಿದ್ದ ವಯಸ್ಸಾದ ಡಾಕ್ಟರಮ್ಮ ನನ್ನ ಕೊರಳಿನ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ಇದು ಬೇಡ ಕಣಮ್ಮ," ಅಂದರು. "ಅವರನ್ನ ಮಾತಾಡಿಸ್ತಾ ಇರು. ಪೂರ್ತಿ ಒಂದು ಮಾತು ಹೇಳೋಕೆ ಆಗ್ತಿದೆ ಅಂದ್ರೆ ಎದೆ ಸರಿಯಾಗಿದೆ, ಉಸಿರು ಓಡಾಡ್ತಿದೆ ಅಂತ. ಮಾತು ಅರ್ಧಕ್ಕೆ ನಿಂತರೆ ಕಾಲೂ ನಿಲ್ಲಿಸ್ಬೇಕು. ಅಷ್ಟೇ ಪಾಠ." ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಪಾದ ತಿರುಗಿಸುತ್ತಾ ಪ್ರತಿಯೊಬ್ಬರೂ ಬೆಳಿಗ್ಗೆ ಏನು ತಿಂದೆ ಎಂದು ಹೇಳಬೇಕು. ಕೈ ಎತ್ತುತ್ತಾ ನಿದ್ದೆ ಹೇಗೆ ಬಂತು ಎಂದು ಹೇಳಬೇಕು. ಎದ್ದು ನಿಲ್ಲುವ ಮೊದಲು ಪಕ್ಕದವರ ಬಗ್ಗೆ ಒಂದು ದೂರು ಹೇಳಬೇಕು. ಈ ದೂರಿನ ಭಾಗ ನಾನೇ ಸೇರಿಸಿದ್ದು. ಜನ ಬೇರೆ ಯಾವುದಕ್ಕೂ ಅಷ್ಟು ಉತ್ಸಾಹದಿಂದ ಬಾಯಿ ಬಿಡುವುದಿಲ್ಲ. ಈ ಮಾತುಗಳ ನಡುವೆಯೇ ಬೇಕಾದದ್ದೆಲ್ಲ ಬಂದು ಬೀಳುತ್ತದೆ: ಬೆಳಿಗ್ಗೆ ಏನೂ ಸೇರಲಿಲ್ಲ, ಮೊಣಕಾಲು ಯಾಕೋ ಮೊನ್ನೆಯಿಂದ ಕಚಕ್ ಅನ್ನುತ್ತದೆ, ಹೊಸ ಮಾತ್ರೆ ಕೊಟ್ಟರು. ಇಷ್ಟು ಕೇಳಿದ ಮೇಲೆ ಯಾರನ್ನು ನಿಲ್ಲಿಸಬೇಕು, ಯಾರನ್ನು ಕೂರಿಸಬೇಕು ಎಂದು ನಾನು ತೀರ್ಮಾನಿಸುತ್ತೇನೆ. ಕೆಳಗೆ ಸಹಿ ಇರುವ ಯಾವ ನಮೂನೆಯೂ ಇದನ್ನು ನನಗೆ ಹೇಳಿಲ್ಲ.

ತಮ್ಮ ತಪಾಸಣಾಧಿಕಾರಿ ಬಂದ ದಿನ ಕೋಣೆಯಲ್ಲಿ ಎಂದಿನಂತೆ ಗಲಾಟೆ ಇತ್ತು. ನಾಲ್ಕನೇ ಕುರ್ಚಿಯಲ್ಲಿ ಟೈಲರಮ್ಮ. ಆರನೇ ನಂಬರಿನ ಕೋಣೆಯವರು ಎಂದೆನಲ್ಲ, ಅವರೇ. ನಲವತ್ತು ವರ್ಷ ಕಾಲಲ್ಲಿ ತುಳಿಯುವ ಮೆಷಿನ್ನಿನ ಮುಂದೆ ಕೂತು ಊರಿಗೆಲ್ಲ ಬಟ್ಟೆ ಹೊಲಿದವರು. ಅವರ ಕೋಣೆಯ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಅಲ್ಲಿ ನಿಂತವರ ಬಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕುವುದು ಅವರ ದಿನಚರಿ. ಐದನೇ ಕುರ್ಚಿಯಲ್ಲಿ ಡ್ರೈವರ್ ಮಾಮ. ಎಪ್ಪತ್ತೊಂಬತ್ತು ವರ್ಷ, ಬಸ್ಸು ಓಡಿಸುತ್ತಿದ್ದವರು. ದೂರು ಹೇಳುವ ಸರದಿ ಬಂದಿತ್ತು.

"ಇವರಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ ಟೀಚರ್. ಮೇಲಿಂದು ಕೆಳಗೆ, ಕೆಳಗಿಂದು ಮೇಲೆ," ಎಂದು ಟೈಲರಮ್ಮ ಕಾಲೆತ್ತಿದರು.

"ಹೊಲಿದವರದ್ದೇ ತಪ್ಪು. ಒಂದು ತೂತು ಜಾಸ್ತಿ ಮಾಡಿದಾರೆ," ಎಂದರು ಡ್ರೈವರ್ ಮಾಮ.

"ನಿಮ್ಮ ಗಾಡಿ ಮೊದಲು ಸ್ಟಾರ್ಟ್ ಮಾಡಿ. ಆಮೇಲೆ ಹಾರ್ನು."

ಎಲ್ಲರೂ ನಕ್ಕರು, ಇಬ್ಬರೂ ಎದ್ದು ನಿಂತರು. ಟೈಲರಮ್ಮ ಅರ್ಧ ನಿಮಿಷದಲ್ಲಿ ಒಂಬತ್ತು ಸಲ ಎದ್ದು ಕೂತರು, ಕೈ ಎದೆಗೆ ಕಟ್ಟಿಕೊಂಡು. ಎಂಬತ್ನಾಲ್ಕರಲ್ಲಿ ಅದು ಸಣ್ಣ ವಿಷಯವಲ್ಲ. ತಮ್ಮ ಅಧಿಕಾರಿ ಬಾಗಿಲ ಬಳಿ ನಿಂತು ಬರೆದುಕೊಂಡದ್ದು ಇಷ್ಟು: "ಶಿಸ್ತಿನ ಕೊರತೆ. ನಿವಾಸಿಗಳು ಹರಟೆಯಲ್ಲಿ ತೊಡಗಿದ್ದು, ಬೋಧಕಿಯೇ ಪ್ರೋತ್ಸಾಹಿಸುತ್ತಿರುವುದು ಕಂಡುಬಂದಿರುತ್ತದೆ." ಒಂಬತ್ತು ಸಲ ಎದ್ದದ್ದು ಅವರಿಗೆ ಕಂಡುಬಂದಿರಲಿಲ್ಲ. ಹತ್ತು ದಿನಕ್ಕೆ ಮೌನದ ಸುತ್ತೋಲೆ ಬಂತು. ತಮ್ಮ ಕಚೇರಿಯಿಂದ ಇಷ್ಟು ಬೇಗ ಹೊರಟ ಇನ್ನೊಂದು ಕಾಗದವನ್ನು ನಾನು ಈ ಹನ್ನೊಂದು ವರ್ಷದಲ್ಲಿ ನೋಡಿಲ್ಲ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ ಎಂದು ಬರೆದ ಅರ್ಜಿಗೆ ಮೂರು ವರ್ಷವಾಯಿತು, ಅದು ಇನ್ನೂ ತಮ್ಮಲ್ಲೇ ಮೌನ ಪಾಲಿಸುತ್ತಿದೆ.

ನಾನು ಸುಮ್ಮನೆ ಕೂರಲಿಲ್ಲ. ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ಎರಡೂವರೆ ಗಂಟೆ ಹೊರಗೆ ಬೆಂಚಿನ ಮೇಲೆ ಕೂರಿಸಿದಿರಿ. ಒಳಗೆ ಕರೆದಾಗ ತಾವು ಕೂತಿದ್ದ ಕುರ್ಚಿಗೆ ಐದು ಚಕ್ರ, ಎತ್ತರದ ಬೆನ್ನು. ನಾನು ಪೋಸ್ಟ್‌ಮ್ಯಾನ್ ಅಜ್ಜನ ಕತೆ ಹೇಳಿದೆ, ಡಾಕ್ಟರಮ್ಮನ ಪಾಠ ಹೇಳಿದೆ. ತಾವು ಫೋನಿನಿಂದ ಕಣ್ಣೆತ್ತದೆ, "ನೋಡಮ್ಮ, ವ್ಯಾಯಾಮ ಅಂದ್ರೆ ಒಂದು ಶಿಸ್ತು ಇರಬೇಕು. ಅದು ಹರಟೆ ಹೊಡೆಯೋ ಜಾಗ ಅಲ್ಲ," ಎಂದಿರಿ.

"ಆ ಹರಟೆನೇ ಸಾರ್ ನನ್ನ ಮೀಟರು. ಅದನ್ನ ಕಿತ್ತುಹಾಕಿದ್ರೆ ಯಾರಾದ್ರೂ ಬೀಳ್ತಾರೆ," ಎಂದೆ.

"ಬಿದ್ರೆ ವರದಿ ಕಳಿಸಿ," ಎಂದಿರಿ.

ಅಷ್ಟು ಹೇಳಿ ಊಟಕ್ಕೆಂದು ಎದ್ದಿರಿ. ಕಸುಬಿನವಳ ಕಣ್ಣು, ನೋಡದೆ ಇರುತ್ತದೆಯೇ? ಎರಡೂ ಕೈಯನ್ನು ಮೇಜಿಗೆ ಊರಿದಿರಿ. ಉಸಿರು ಬಿಗಿಹಿಡಿದಿರಿ. ಮೊದಲ ಸಲ ಅರ್ಧಕ್ಕೆ ಎದ್ದು ಮತ್ತೆ ಕೂತಿರಿ, ಚಕ್ರದ ಕುರ್ಚಿ ಹಿಂದಕ್ಕೆ ಜಾರಿತು, ಜವಾನ ಓಡಿ ಬಂದು ಹಿಡಿದುಕೊಂಡ. ಎರಡನೇ ಸಲ "ಅಮ್ಮಾ" ಎಂದು ಎದ್ದಿರಿ. ಕೈ ಊರಿ ಎದ್ದರೆ ನಮ್ಮ ಲೆಕ್ಕದಲ್ಲಿ ಅದು ಸೊನ್ನೆ. ತಮ್ಮದೇ ಇಲಾಖೆಯ ಪರೀಕ್ಷೆಯ ಪ್ರಕಾರ ತಾವು ಅಂದು ಮಧ್ಯಾಹ್ನವೇ ಹಿಂದಿನ ಕಟ್ಟಡಕ್ಕೆ ಹೋಗಬೇಕಾದವರು. ಮೂಗು ಮುಂದಕ್ಕೆ ತನ್ನಿ, ಪಾದ ಹಿಂದಕ್ಕೆಳೆದುಕೊಳ್ಳಿ ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ತಾವು ಹೊರಟುಹೋಗಿದ್ದಿರಿ.

ಮೌನ ಶುರುವಾಯಿತು. ಮೊದಲ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ದಿನ ಇಬ್ಬರು ಬರಲಿಲ್ಲ. ನಾನು ಒಬ್ಬೊಬ್ಬರ ಮುಂದೆ ಬಗ್ಗಿ ತುಟಿಯ ಬಣ್ಣ, ಕೊರಳ ನರ, ಬೆರಳು ಬಿಗಿದಿದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ವ್ಯಾಯಾಮಕ್ಕೆ ಬರುವ ಇಪ್ಪತ್ತು ಮಂದಿಗೆ ಎರಡು ಕಣ್ಣು ಎಷ್ಟೆಂದು ಸಾಲುತ್ತದೆ? ನಾಲ್ಕನೇ ದಿನ ತಮ್ಮ ಅಧಿಕಾರಿ ಸುತ್ತೋಲೆ ಪಾಲನೆಯಾಗುತ್ತಿದೆಯೇ ಎಂದು ನೋಡಲು ಬಂದು ನನ್ನ ಎದುರಿಗೇ ನಿಂತರು. ಡ್ರೈವರ್ ಮಾಮನಿಗೆ ಹಿಂದಿನ ದಿನವಷ್ಟೇ ರಕ್ತದೊತ್ತಡದ ಮಾತ್ರೆ ಬದಲಾಯಿಸಿದ್ದರು. ನನಗೆ ಗೊತ್ತಿರಲಿಲ್ಲ. ಮಾತಿನ ಕಾಲವಾಗಿದ್ದರೆ ಪಾದ ತಿರುಗಿಸುವ ಹೊತ್ತಿಗೇ, "ಹೊಸ ಮಾತ್ರೆ ಟೀಚರ್, ತಲೆ ಒಂಥರಾ ತೇಲ್ತಿದೆ," ಎಂದಿರುತ್ತಿದ್ದರು. ಅಂದೂ ಅವರು ಹೇಳಲೆಂದೇ ಕೈ ಎತ್ತಿ ಬಾಯಿ ತೆರೆದರು. ನಾನು ಅವರತ್ತ ತಿರುಗುವಷ್ಟರಲ್ಲಿ ತಮ್ಮ ಅಧಿಕಾರಿ ತುಟಿಯ ಮೇಲೆ ಬೆರಳಿಟ್ಟು, "ಶ್" ಎಂದರು. ಡ್ರೈವರ್ ಮಾಮ ಬಾಯಿ ಮುಚ್ಚಿದರು. ಎದ್ದು ನಿಂತರು. ನಿಂತವರು ಹಾಗೆಯೇ ಬಲಕ್ಕೆ ಕುಸಿದರು. ಬಲಗೈ ಮಣಿಕಟ್ಟು ಮುರಿದ ಸದ್ದು ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

ಇಲ್ಲಿ ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಆ "ಶ್" ಕೇಳಿದಾಗ ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಎದುರಿಗೆ ಅಧಿಕಾರಿ ಇದ್ದಾರೆ ಎಂಬ ಅಂಜಿಕೆ. ಹನ್ನೊಂದು ವರ್ಷದ ಅನುಭವ ಒಂದು ಬೆರಳಿಗೆ ಹೆದರಿತು. ನನಗೆ ನನ್ನ ಮೇಲೆ ಹೇಸಿಗೆಯಾಗಿದೆ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಡ್ರೈವರ್ ಮಾಮ ನನಗೇ ಸಮಾಧಾನ ಹೇಳಿದರು. "ಏನ್ಮಾಡೋದು ಟೀಚರ್, ಟ್ರಾಫಿಕ್ ಪೊಲೀಸ್ ಕೈ ತೋರಿಸಿದ ಹಾಗಾಯ್ತು. ನಲವತ್ತು ವರ್ಷದ ಅಭ್ಯಾಸ ನೋಡಿ, ಕೈ ಕಂಡ ಕೂಡ್ಲೇ ಬ್ರೇಕು. ಬಾಯಿ ತಾನಾಗೇ ನಿಂತುಬಿಡ್ತು, ಕಾಲು ಮಾತ್ರ ಮುಂದೆ ಹೋಯ್ತು." ಅಷ್ಟು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ವರದಿ ಕಳಿಸಿ ಎಂದಿದ್ದಿರಲ್ಲ, ಕಳಿಸಿದೆವು. ಅದನ್ನು ಓದಿ ತಮ್ಮ ಕಚೇರಿ ಬರೆದ ಷರಾ ನನ್ನ ಮುಂದಿದೆ: "ಸದರಿ ನಿವಾಸಿಯು ಯಾವುದೇ ಪೂರ್ವಸೂಚನೆ ನೀಡದೆ ಬಿದ್ದಿರುತ್ತಾರೆ." ಈ ಸಾಲನ್ನು ನಾನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಟೈಲರಮ್ಮ, "ಇನ್ನೊಂದ್ಸಲ ಓದಿ," ಎಂದರು. ಓದಿದೆ. ಪೂರ್ವಸೂಚನೆ! ಕೈ ಎತ್ತಿದ್ದು ಏನು ಸ್ವಾಮಿ, ಬಸ್ಸು ಹತ್ತಲೇ? ಬಾಯಿ ತೆರೆದದ್ದು ಆಕಳಿಸಲೇ? ಅದಕ್ಕೂ ಮೊದಲು ನಾನು ತಮ್ಮ ಮೇಜಿನ ಮುಂದೆ ನಿಂತು ಯಾರಾದರೂ ಬೀಳುತ್ತಾರೆ ಎಂದದ್ದು ಯಾವ ಸೂಚನೆ? ಬೀಳುವವರು ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿ, ಮೊಹರು ಒತ್ತಿಸಿಕೊಂಡು, ಹದಿನೈದು ದಿನ ಕಾದು ಆಮೇಲೆ ಬೀಳಬೇಕೆಂದು ತಮ್ಮ ಆಸೆಯೇ? ಮುರಿದ ಕೈಯವರ ಮೇಲೇ ಗೂಬೆ ಕೂರಿಸಲು ಎಷ್ಟು ಸಲೀಸಾಗಿ ಒಂದು ಸಾಲು ಸಿಕ್ಕಿತು ತಮಗೆ.

ಅಲ್ಲಿಗೆ ನಿಲ್ಲಿಸಿದ್ದರೂ ಸಹಿಸಿಕೊಳ್ಳಬಹುದಿತ್ತೇನೋ. ಎರಡನೇ ಸುತ್ತೋಲೆ ಬಂತು. ಇನ್ನು ಮುಂದೆ ವ್ಯಾಯಾಮದಲ್ಲಿ ಯಾರೂ ಎದ್ದು ನಿಲ್ಲುವಂತಿಲ್ಲ. ಇಲಾಖೆ ಕಳಿಸಿದ ವಿಡಿಯೋವನ್ನು ಟಿವಿಯಲ್ಲಿ ಹಾಕಬೇಕು, ಕೂತಲ್ಲೇ ನೋಡಿ ಮಾಡಬೇಕು. ಮೌನ ಮಾತ್ರ ಹಾಗೆಯೇ ಮುಂದುವರಿಯುತ್ತದೆ. ನಿಂತರೆ ತಾನೇ ಬೀಳುವುದು, ಆದ್ದರಿಂದ ನಿಲ್ಲುವುದನ್ನೇ ರದ್ದು ಮಾಡಿದಿರಿ. ಈ ಬುದ್ಧಿಗೆ ಏನು ಹೇಳಲಿ? ಉಂಡರೆ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ನಾಳೆ ಊಟವನ್ನೂ ಟಿವಿಯಲ್ಲಿ ತೋರಿಸುತ್ತೀರೋ? ಆ ವಿಡಿಯೋದಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿ ಹದಿನಾಲ್ಕು ನಿಮಿಷ ನಗುತ್ತಾಳೆ. ಅವಳ ತಪ್ಪೇನಿಲ್ಲ, ಪಾಪ. ಎದುರಿಗೆ ಕೂತವರ ಮುಖ ಬೂದಿಯಾದರೆ ಅವಳಿಗೆ ಕಾಣಿಸುವುದಿಲ್ಲ. ಕೊನೆಗೆ ಅವಳು ಚಪ್ಪಾಳೆ ತಟ್ಟಿ, "ಎಲ್ಲರೂ ತುಂಬಾ ಚೆನ್ನಾಗಿ ಮಾಡಿದ್ರಿ," ಎನ್ನುತ್ತಾಳೆ. ಆ ಹೊತ್ತಿಗೆ ನಮ್ಮಲ್ಲಿ ಆರು ಮಂದಿ ಗೊರಕೆ ಹೊಡೆಯುತ್ತಿರುತ್ತಾರೆ. ಅದು ಸುತ್ತೋಲೆಯ ಉಲ್ಲಂಘನೆಯೇ ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿ, ಏಕೆಂದರೆ ಗೊರಕೆಗೂ ಸದ್ದಿದೆ.

ಮುಪ್ಪಿನ ಕಾಲು ಎರಡು ವಾರ ಸುಮ್ಮನೆ ಕೂತರೆ ಏನಾಗುತ್ತದೆಂದು ತಮಗೆ ಗೊತ್ತಿಲ್ಲ ಎಂದು ನಾನು ನಂಬಲಾರೆ. ಗೊತ್ತಿದೆ, ಬೇಕಾಗಿಲ್ಲ ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಟೈಲರಮ್ಮನ ಹೆಸರಿನ ಮುಂದೆ ಒಂಬತ್ತು ಎಂದಿತ್ತು. ವ್ಯಾಯಾಮದ ಹೊರಗೆ, ಅವರ ಕೋಣೆಯಲ್ಲಿ ಎಣಿಸಿ ನೋಡಿದಾಗ, ಟಿವಿ ಬಂದ ಎರಡನೇ ವಾರದ ಕೊನೆಗೆ ಆರು. ನಾಲ್ಕನೇ ವಾರದ ಕೊನೆಗೆ ಮೂರು. ಕಳೆದ ಗುರುವಾರ ಮೊದಲ ಎರಡು ಪ್ರಯತ್ನದಲ್ಲಿ ಅವರಿಗೆ ಏಳಲಾಗಲಿಲ್ಲ, ಮೂರನೆಯದರಲ್ಲಿ ಎದ್ದರು. ಎದ್ದವರು ಕಿಟಕಿಯ ಸರಳು ಹಿಡಿದು ಬಸ್ ನಿಲ್ದಾಣ ನೋಡಿದರು. ಯಾರ ಹೊಲಿಗೆಗೂ ಹೆಸರಿಡಲಿಲ್ಲ. "ಟೀಚರ್, ಮಂಚದಿಂದ ಬಚ್ಚಲಿಗೆ ಏಳು ಹೆಜ್ಜೆ," ಎಂದರು. "ಈ ಏಳು ಹೆಜ್ಜೆ ನನ್ನ ಕೈಲಿ ಇರೋವರೆಗೂ ನಾನು ಮನುಷ್ಯಳು. ಹಿಂದಿನ ಕಟ್ಟಡಕ್ಕೆ ಹೋದ್ರೆ ಬರೀ ನಂಬರು. ನಂಗೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ." ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಅಂದು ಕೈ ಹಿಡಿದುಕೊಂಡರು.

ಆದ್ದರಿಂದ ಈ ಕೆಳಗಿನದನ್ನು ತಮ್ಮ ಕಡತದಲ್ಲಿ ಸೇರಿಸಿಕೊಳ್ಳಿ, ಇದು ತಪ್ಪೊಪ್ಪಿಗೆ. ಕಳೆದ ಶುಕ್ರವಾರದಿಂದ ಪ್ರತಿದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನಾನು ಆರನೇ ನಂಬರಿನ ಕೋಣೆಗೆ ಹೋಗುತ್ತಿದ್ದೇನೆ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸುತ್ತೇನೆ, ನೆಲ ಒದ್ದೆಯಿಲ್ಲವೆಂದು ನಡೆದು ನೋಡುತ್ತೇನೆ, ಚಪ್ಪಲಿ ನೋಡುತ್ತೇನೆ, ಯಾವ ಮಾತ್ರೆ ಕೊಟ್ಟರು ಎಂದು ಕೇಳುತ್ತೇನೆ. ಆಮೇಲೆ ಟೈಲರಮ್ಮ ಎದ್ದು ನಿಲ್ಲುತ್ತಾರೆ. ಬಾಯಿ ತುಂಬ ಮಾತಾಡುತ್ತಾ ನಿಲ್ಲುತ್ತಾರೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಡ್ರೈವರ್ ಮಾಮ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು, "ಗೇರು ಹಾಕಿ, ಗೇರು ಹಾಕಿ," ಎನ್ನುತ್ತಾರೆ. ಅವರು ಈಗ ತಮ್ಮ ಅಧಿಕಾರಿಯ ಬೆರಳಿನ ಬಗ್ಗೆ ಆಡುವ ಮಾತನ್ನು ಇಲ್ಲಿ ಬರೆಯಲಾರೆ. ತಮ್ಮ ಎರಡೂ ಸುತ್ತೋಲೆಗಳನ್ನು ನಾನು ಹೀಗೆ ದಿನಕ್ಕೊಮ್ಮೆ, ತಿಳಿದೂ ತಿಳಿದೂ ಮುರಿಯುತ್ತಿದ್ದೇನೆ. ನಿನ್ನೆ ನೋಟ್‌ಬುಕ್ಕಿನಲ್ಲಿ ನಾಲ್ಕು ಎಂದು ಬರೆದೆ.

ಇನ್ನು ಬೇಡಿಕೆ. ಮೊದಲ ಸೋಮವಾರಕ್ಕೆ ಮುಂಚೆ ಎರಡೂ ಸುತ್ತೋಲೆಗಳನ್ನು ಹಿಂದಕ್ಕೆ ಪಡೆಯಿರಿ. ತಾವೇ ಕೆಡಿಸಿದ ಕಾಲನ್ನು ತಾವೇ ಪರೀಕ್ಷೆ ಮಾಡಿ ಅನುತ್ತೀರ್ಣಗೊಳಿಸುವ ಈ ನಾಟಕವನ್ನು ಮೂರು ತಿಂಗಳು ಮುಂದಕ್ಕೆ ಹಾಕಿ, ಅಷ್ಟರೊಳಗೆ ನಾನು ಅವರನ್ನು ಮತ್ತೆ ಒಂಬತ್ತಕ್ಕೆ ತರುತ್ತೇನೆ. ಅದಾಗುವುದಿಲ್ಲ ಎನ್ನುವುದಾದರೆ ಆ ಸೋಮವಾರ ತಾವೇ ಬನ್ನಿ, ಅಧಿಕಾರಿಯನ್ನು ಕಳಿಸಬೇಡಿ. ಟೈಲರಮ್ಮನ ಪಕ್ಕದ ಕುರ್ಚಿ ಖಾಲಿ ಇಟ್ಟಿರುತ್ತೇನೆ. ಚಕ್ರ ಇಲ್ಲ, ಹಿಡಿಯಲು ಜವಾನನೂ ಇಲ್ಲ. ಕೈಯನ್ನು ಎದೆಗೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು, ಅವರ ಜೊತೆ ತಾವೂ ಎದ್ದು ನಿಲ್ಲಿ. ಯಾರು ಮೊದಲು ಏಳುತ್ತಾರೋ ಅವರು ಆರನೇ ನಂಬರಿನಲ್ಲಿ ಇರಲಿ. ಇನ್ನೊಬ್ಬರಿಗೆ ಹಿಂದಿನ ಕಟ್ಟಡದಲ್ಲಿ ಮಂಚ ಸಿದ್ಧವಿದೆ, ವೇಳಾಪಟ್ಟಿಯೂ ಇದೆ.

ಒಂದು ವೇಳೆ ಅವರು ಅಂದು ಏಳದೆ ಹೋದರೆ, ತಮ್ಮ ಕಚೇರಿಯಿಂದ ಇನ್ನೊಂದು ಷರಾ ಬರುತ್ತದೆಂದು ಬಲ್ಲೆ. ಆ ಸಾಲನ್ನು ಬರೆಯುವ ಗುಮಾಸ್ತರ ಮೇಜಿನ ಮೇಲೆ ಈ ಪತ್ರದ ಒಂದು ಪ್ರತಿ ಇರಲಿ. ಕಳೆದ ಸಲ ಕೈ ಎತ್ತಿದರೂ ಬಾಯಿ ತೆರೆದರೂ ತಮಗೆ ಕಾಣಿಸಲಿಲ್ಲ, ಹಾಗಾಗಿ ಈ ಸಲ ಊರೆಲ್ಲ ಓದುವ ಹಾಗೆ ಬಹಿರಂಗ ಪತ್ರವಾಗಿ ಬರೆದಿದ್ದೇನೆ. ಪೂರ್ವಸೂಚನೆ ಬೇಕು ಎಂದಿರಲ್ಲ, ಇದೇ ಅದು. ಸ್ವೀಕರಿಸಿದ್ದಕ್ಕೆ ಮೊಹರು ಒತ್ತಿ ಕಳಿಸಿ.

ಇಂತಿ,
ಒಂದು "ಶ್"ಗೆ ಹೆದರಿ ಬಾಯಿ ಮುಚ್ಚಿದ, ಇನ್ನೆಂದೂ ಮುಚ್ಚದ,
ಸದ್ಯಕ್ಕೆ ಟಿವಿಯ ಸ್ವಿಚ್ ಹಾಕುವ ಕೆಲಸದಲ್ಲಿರುವ
ಕುರ್ಚಿ ಟೀಚರ್